ಗಡಿಬಿಡಿ ಮುಂಜಾನೆಯ ನಾಷ್ಟಾ: ಕಲಬುರಗಿ ಮನೆಗಳಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಆಳಂದಕ್ಕೋ ಜೇವರ್ಗಿಗೋ ಪಾಠ ಹೇಳಲು ಹೋಗುವ ಶಿಕ್ಷಕಿಯರು, ವಾಡಿ ಕಡೆಗೆ ರೈಲು ಹಿಡಿಯುವ ನೌಕರರು, ಕಪನೂರಿನ ದಾಲ್ ಮಿಲ್ಲಿಗೆ ಹೊರಡುವವರು, ಕಾಲೇಜಿಗೆಂದು ಊರು ಬಿಟ್ಟು ರೂಮು ಮಾಡಿಕೊಂಡಿರುವ ಹುಡುಗರು. ಇವರೆಲ್ಲ ಕೇಳುವುದು ಹೆಚ್ಚು ಕಡಿಮೆ ಒಂದೇ ಮಾತು: ಹೊತ್ತಿಲ್ಲ, ಆದರೆ ಹೊಟ್ಟೆ ತುಂಬಬೇಕು, ಮೈಗೂ ಹತ್ತಬೇಕು, ಏನು ಮಾಡೋಣ? ನನ್ನ ಉತ್ತರವೂ ಹೆಚ್ಚು ಕಡಿಮೆ ಒಂದೇ. ಜೋಳ, ತೊಗರಿ, ಶೇಂಗಾ, ಅಗಸಿ, ಮೊಸರು ಇರುವ ಮನೆಗೆ ಇನ್ನೆಲ್ಲಿಂದಲೋ ನಾಷ್ಟಾ ತರಿಸಬೇಕಾಗಿಲ್ಲ. ಮುಂಜಾನೆಯ ಕೆಲಸದಲ್ಲಿ ಒಂದಿಷ್ಟನ್ನು ಹಿಂದಿನ ರಾತ್ರಿಗೆ, ಒಂದಿಷ್ಟನ್ನು ಐತವಾರಕ್ಕೆ ಹಂಚಿಟ್ಟರೆ ಆಯಿತು. ಪ್ರಶ್ನೆಗಳನ್ನು ಜನ ಕೇಳುವ ಮಾತಿನಲ್ಲೇ ಇಟ್ಟಿದ್ದೇನೆ.

ಚಹಾ-ಖಾರಿ ತಿಂದು ಹೋದ್ರ ಏನಾಗ್ತದ್ರಿ? ಅದೂ ನಾಷ್ಟಾನೇ ಅಲ್ಲೇನು?

ಅಲ್ಲ. ಖಾರಿ, ಟೋಸ್ಟ್, ಬಿಸ್ಕೀಟು ಮೂರೂ ಮುಖ್ಯವಾಗಿ ಮೈದಾ ಮತ್ತು ಜಿಡ್ಡಿನ ತಿನಿಸು. ಎಂಟಕ್ಕೆ ತಿಂದರೆ ಹತ್ತೂವರೆಗೆ ಹೊಟ್ಟೆ ಮತ್ತೆ ಚುರುಗುಟ್ಟುತ್ತದೆ, ಆಗ ಕಾಲು ತಾನಾಗಿ ಭಜಿ ಗಾಡಿ ಕಡೆ ಹೋಗುತ್ತದೆ. ಚಹಾ ಬಿಡಿ ಎಂದು ನಾನು ಯಾರಿಗೂ ಹೇಳುವುದಿಲ್ಲ, ನಮ್ಮ ಕಡೆ ಅದು ಆಗದ ಮಾತು. ಆದರೆ ಚಹಾದ ಒಗರಿನ ಅಂಶ ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಹಾಗಾಗಿ ಎದ್ದ ಕೂಡಲೇ ಚಹಾ ಕುಡಿದುಬಿಡಿ, ನಾಷ್ಟಾಕ್ಕೂ ಅದಕ್ಕೂ ನಡುವೆ ಒಂದು ತಾಸು ಇರಲಿ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳು ಮತ್ತು ಬಸುರಿಯರು ಇದನ್ನು ತಪ್ಪದೇ ಪಾಲಿಸಬೇಕು. ಕಬ್ಬಿಣದ ಗುಳಿಗೆಯನ್ನೂ ಚಹಾದ ಜೊತೆ ನುಂಗಬಾರದು. ನಿಂಬೆಹಣ್ಣಿನದು ಇದಕ್ಕೆ ತದ್ವಿರುದ್ಧ ಗುಣ. ನಾಷ್ಟಾದ ಮೇಲೆ ನಾಲ್ಕು ಹನಿ ಹಿಂಡಿಕೊಂಡರೆ ಅದೇ ಕಬ್ಬಿಣ ಚೆನ್ನಾಗಿ ಹತ್ತುತ್ತದೆ.

ಹಂಗಾರ ನಾಷ್ಟಾದಾಗ ಏನೇನು ಇರಬೇಕು?

ಒಂದು ಧಾನ್ಯ, ಒಂದು ಕಾಳು ಅಥವಾ ಬೇಳೆ, ಮೊಸರು ಇಲ್ಲವೇ ತತ್ತಿ (ಮೊಟ್ಟೆ), ಸಿಕ್ಕಷ್ಟು ಹಸಿ ತರಕಾರಿ. ಇಷ್ಟೇ.

ಧಾನ್ಯ ಅಂದರೆ ನಮಗೆ ಮೊದಲು ಜೋಳ. ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚು ಕಡಿಮೆ ಅಷ್ಟೇ ನಾರು ಇರುತ್ತದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ನಾರು 3 ಗ್ರಾಂ ದಾಟುವುದಿಲ್ಲ. ಜೋಳಕ್ಕೂ ಒಂದು ಕೊರತೆ ಇದೆ. ಅದರ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಯಲ್ಲಿ, ಮೊಸರಿನಲ್ಲಿ, ತತ್ತಿಯಲ್ಲಿ ಅದು ಧಾರಾಳ. ರೊಟ್ಟಿಗೆ ಬೇಳೆ ಪಲ್ಯ, ಝುಣಕ, ಗಟ್ಟಿ ಮೊಸರು ಹಚ್ಚಿಕೊಂಡು ತಿನ್ನುವ ಹಿರಿಯರ ರೂಢಿ ಸುಮ್ಮನೆ ಬಂದದ್ದಲ್ಲ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ.

ಲೆಕ್ಕ ಹಾಕಿ ನೋಡೋಣ. ತಲಾ ಐವತ್ತು ಗ್ರಾಂ ಹಿಟ್ಟಿನ ಎರಡು ರೊಟ್ಟಿಯಿಂದ 10 ಗ್ರಾಂ ಪ್ರೋಟೀನು, ಎರಡು ದೊಡ್ಡ ಚಮಚ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿಯಿಂದ 4-5 ಗ್ರಾಂ, ಒಂದು ಬಟ್ಟಲು ಮೊಸರಿನಿಂದ ಮತ್ತೆ 4-5 ಗ್ರಾಂ. ಒಟ್ಟು 20ರ ಹತ್ತಿರ ಬರುತ್ತದೆ. ಒಲೆಯನ್ನೇ ಹಚ್ಚದೆ ಸಿಗುವ ನಾಷ್ಟಾ ಇದು. ಶೇಂಗಾದಲ್ಲಿ ಪ್ರೋಟೀನು ಜಾಸ್ತಿ ಇದ್ದರೂ ಲೈಸಿನ್ ಬೇಳೆಯಷ್ಟಿಲ್ಲ, ಅದಕ್ಕೇ ಹಿಂಡಿಯ ಜೊತೆ ಮೊಸರು ಬಿಡಬೇಡಿ ಎನ್ನುತ್ತೇನೆ.

ರೊಟ್ಟಿ ಏನೋ ಛಲೋ, ಆದ್ರ ಮುಂಜಾನಿ ಯಾರು ಬಡೀಬೇಕ್ರಿ?

ಮುಂಜಾನೆ ಬಡಿಯಲೇಬೇಡಿ. ರಾತ್ರಿ ಊಟಕ್ಕೆ ಬಡಿಯುವಾಗಲೇ ತಲೆಗೆ ಎರಡು ಹೆಚ್ಚು ಬಡಿದು, ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಡಿ. ಬಿಸಿ ಇದ್ದಾಗಲೇ ಮುಚ್ಚಿದರೆ ಬೆವರಿ ಅಂಟಾಗುತ್ತದೆ. ಮುಂಜಾನೆ ಹಂಚಿನ ಮೇಲೆ ಎರಡೂ ಮಗ್ಗುಲು ನೀರು ಚಿಮುಕಿಸಿ ಬಿಸಿ ಮಾಡಿದರೆ ಮತ್ತೆ ಮೆತ್ತಗಾಗುತ್ತದೆ.

ಕಡಕ್ ರೊಟ್ಟಿ ಇನ್ನೂ ಸಲೀಸು. ಪೂರ್ತಿ ಒಣಗಿದ್ದರೆ ವಾರಗಟ್ಟಲೆ ಕೆಡುವುದಿಲ್ಲ. ನಗರದಲ್ಲಿ ಮನೆಮನೆಯಲ್ಲಿ ರೊಟ್ಟಿ ಬಡಿದು ಮಾರುವ ಹೆಣ್ಣುಮಕ್ಕಳು ಬೇಕಾದಷ್ಟು ಜನ ಇದ್ದಾರೆ, ಸ್ವಸಹಾಯ ಸಂಘಗಳವರೂ ಮಾರುತ್ತಾರೆ. 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲೇ ಅದಕ್ಕೊಂದು ಮಾರುಕಟ್ಟೆ ಕಟ್ಟುವ ಕೆಲಸಕ್ಕೆ ಜಿಲ್ಲಾಡಳಿತವೂ ಕೈ ಹಾಕಿದೆ. ನೆರೆಮನೆಯವಳ ಕೈಯಿಂದ ಕೊಂಡರೆ ನಿಮ್ಮ ಅರ್ಧ ತಾಸು ಉಳಿಯಿತು, ಅವಳ ಕೈಗೂ ನಾಲ್ಕು ದುಡ್ಡು ಬಂತು. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಮನೆಯಾಕೆ ಬಡಿದ ರೊಟ್ಟಿಯೇ ಆಗಬೇಕು ಎಂದು ಹಟ ಹಿಡಿಯುವವರು ತಾವೇ ಬಡಿಯಲು ಕಲಿಯಲಿ.

ಕಡಕ್ ರೊಟ್ಟಿಯನ್ನು ಮುರಿದು ಮೊಸರಿನಲ್ಲಿ ಹತ್ತು ನಿಮಿಷ ನೆನೆಸಿ, ಮೇಲೆ ಹಿಂಡಿ, ಹೆಚ್ಚಿದ ಉಳ್ಳಾಗಡ್ಡಿ, ಸವತೆಕಾಯಿ ಉದುರಿಸಿದರೆ ಅದೇ ಪೂರ್ತಿ ನಾಷ್ಟಾ. ಹಿಂದಿನ ದಿನದ ಮೆತ್ತನ್ನ ರೊಟ್ಟಿ ಉಳಿದಿದ್ದರೆ ಚೂರು ಮಾಡಿ ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆಯಲ್ಲಿ ನೀರು ಚಿಮುಕಿಸಿ ತಿರುವಿ. ಇನ್ನು ಮುಟಗಿ: ರೊಟ್ಟಿಯನ್ನು ಹಂಚಿನ ಮೇಲೆ ಚೆನ್ನಾಗಿ ಕಾಯಿಸಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು, ಮೆಣಸಿನಕಾಯಿ ಜಜ್ಜಿದ್ದರ ಜೊತೆ ಒಂದು ಚಮಚ ತುಪ್ಪ ಹಾಕಿ ಕೈಯಲ್ಲಿ ಮುಟಿಗೆ ಕಟ್ಟುವುದು. ಬಸ್ಸಿನಲ್ಲಿ ಕೂತು ತಿನ್ನಬಹುದು, ತಟ್ಟೆ ಬೇಡ, ಚಮಚ ಬೇಡ.

ಹೊಸದಾಗಿ ರೊಟ್ಟಿ ಕಲಿಯುವವರಿಗೆ ಒಂದು ಮಾತು. ಜೋಳದಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲ. ಕುದಿಯುವ ನೀರು ಹಾಕಿದಾಗ ಹಿಟ್ಟಿನ ಪಿಷ್ಟ ಬೆಂದು ಜಿಗಿ ಬರುತ್ತದೆ, ಆ ಜಿಗಿಯೇ ರೊಟ್ಟಿಯನ್ನು ಹಿಡಿದಿಡುವುದು. ತಣ್ಣೀರಿನಲ್ಲಿ ಕಲಸಿದರೆ ಅಂಚು ಬಿರಿಯುತ್ತದೆ. ಹಿಟ್ಟು ಹಳೆಯದಾದರೂ ಜಿಗಿ ಹೋಗುತ್ತದೆ, ಕಹಿಯೂ ಆಗುತ್ತದೆ. ಬೇಸಿಗೆಯಲ್ಲಿ ಹತ್ತು-ಹದಿನೈದು ದಿನಕ್ಕೆ ಆಗುವಷ್ಟೇ ಬೀಸಿಸಿಕೊಳ್ಳಿ. ಜೋಳ ಕೊಳ್ಳುವಾಗ ಹಿಂಗಾರಿಯ ಬಿಳಿಜೋಳ, ಅದರಲ್ಲೂ ಮಾಲ್ದಂಡಿ ಸಿಕ್ಕರೆ ರೊಟ್ಟಿ ಬೆಳ್ಳಗೆ, ಸಿಹಿಯಾಗಿ ಬರುತ್ತದೆ.

ಹಿಂಡಿ ಮಾಡಿಟ್ರ ಎಷ್ಟು ದಿನ ಇರ್ತದ? ಯಾವ್ಯಾವು ಮಾಡಬೇಕು?

ಶೇಂಗಾ, ಅಗಸಿ, ಗುರೆಳ್ಳು (ಹುಚ್ಚೆಳ್ಳು), ಈ ಮೂರು ಡಬ್ಬಿ ಮನೆಯಲ್ಲಿ ತುಂಬಿದ್ದರೆ ಮುಂಜಾನೆಯ ಅರ್ಧ ಚಿಂತೆ ಹೋಯಿತು.

ಶೇಂಗಾ ಹಿಂಡಿಗೆ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಉಜ್ಜಿದ ಎರಡು ಬಟ್ಟಲು ಶೇಂಗಾ, ಒಂದು ಗಡ್ಡಿ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಖಾರಪುಡಿ, ಉಪ್ಪು. ಒಳಕಲ್ಲಿನಲ್ಲಿ ಕುಟ್ಟಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುವ ಹದ ಬರುತ್ತದೆ. ಮಿಕ್ಸರಿನಲ್ಲಾದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಹುರಿಯುವ ಮುಂಚೆ ಕಾಳನ್ನು ಮೊರದಲ್ಲಿ ಹರಡಿ ನೋಡಿ. ಮುರುಟಿದ, ಕಪ್ಪಾದ, ಬೂಸು ಹಿಡಿದ ಕಾಳನ್ನು ಆರಿಸಿ ಎಸೆಯಿರಿ. ಆ ಬೂಸಿನ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ, ವರ್ಷಾನುಗಟ್ಟಲೆ ತಿಂದರೆ ಯಕೃತ್ತಿಗೆ ಕೇಡು. ಇಲ್ಲಿ ಮಾತ್ರ ಜಿಪುಣತನ ಮಾಡಬೇಡಿ.

ಅಗಸಿಯಲ್ಲಿ ಒಮೆಗಾ-3 ಕೊಬ್ಬು ಹೇರಳ. ಮೀನು ತಿನ್ನದ ಮನೆಗಳಿಗೆ ಇದಕ್ಕಿಂತ ಅಗ್ಗವಾಗಿ ಅದು ಇನ್ನೆಲ್ಲೂ ಸಿಗುವುದಿಲ್ಲ. ಕಾಳು ಇಡಿಯಾಗಿ ನುಂಗಿದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ, ಅದಕ್ಕೆ ಹುರಿದು ಪುಡಿ ಮಾಡಬೇಕು. ಪುಡಿಯಾದ ಮೇಲೆ ಅದರ ಎಣ್ಣೆ ಬೇಗ ಕಮಟಾಗುತ್ತದೆ. ಹಾಗಾಗಿ ಶೇಂಗಾ ಹಿಂಡಿ ಮೂರು-ನಾಲ್ಕು ವಾರಕ್ಕೆ ಮಾಡಿದರೂ ಅಗಸಿಯನ್ನು ವಾರ-ಹತ್ತು ದಿನಕ್ಕಷ್ಟೇ ಮಾಡಿ, ಬೇಸಿಗೆಯಲ್ಲಿ ಫ್ರಿಜ್ಜಿನಲ್ಲಿಡಿ. ದಿನಕ್ಕೆ ಒಂದು ದೊಡ್ಡ ಚಮಚ ಸಾಕು, ಮೇಲೆ ನೀರು ಚೆನ್ನಾಗಿ ಕುಡಿಯಿರಿ. ಗುರೆಳ್ಳಿನದು ಬೇರೆಯೇ ರುಚಿ. ಬದನೆಕಾಯಿ ಪಲ್ಯಕ್ಕೆ ಹಾಕುವವರು ಅದನ್ನು ರೊಟ್ಟಿ ಮೇಲೆ ಮೊಸರಿನೊಂದಿಗೆ ಹಚ್ಚಿ ನೋಡಲಿ.

ನಮ್ಮ ಮನ್ಯಾಗ ವಾರದಾಗ ನಾಕು ದಿನ ಸುಸಲಾನೇ. ಆರೋಗ್ಯಕ್ಕ ಅದು ಛಲೋನೇ ಹೌದಲ್ಲೋ?

ಹಗುರ ಹೌದು, ಪೂರ್ತಿ ಅಲ್ಲ. ಒಬ್ಬರಿಗೆ ತಟ್ಟೆ ತುಂಬ ಕಾಣುವ ಮಂಡಾಳಿನ (ಮಂಡಕ್ಕಿಯ) ತೂಕ ಐವತ್ತು ಗ್ರಾಂ ಇದ್ದೀತು, ಅದರಲ್ಲಿ ಪ್ರೋಟೀನು 4 ಗ್ರಾಮೂ ಇಲ್ಲ. ನಾರು ಇನ್ನೂ ಕಡಿಮೆ. ಕಣ್ಣಿಗೆ ರಾಶಿ, ಹೊಟ್ಟೆಗೆ ಹಿಡಿ. ಜೊತೆಗೆ ಎರಡು ಮಿರ್ಚಿ ಭಜಿ ಬಂದರೆ ಎಣ್ಣೆ ಸೇರಿತೇ ಹೊರತು ಬೇರೇನೂ ಸೇರಲಿಲ್ಲ.

ಆದರೆ ಸುಸಲಾದಷ್ಟು ಬೇಗ ಆಗುವ ನಾಷ್ಟಾ ಇನ್ನೊಂದಿಲ್ಲ, ಅದನ್ನು ಬಿಡುವುದು ನನಗೂ ಒಪ್ಪಿಗೆಯಿಲ್ಲ. ಅದರೊಳಗೆ ಹಾಕುವುದನ್ನು ಹೆಚ್ಚಿಸಿದರೆ ಆಯಿತು. ಇಬ್ಬರಿಗೆ ನಾಲ್ಕು ದೊಡ್ಡ ಬಟ್ಟಲು ಮಂಡಾಳು ತೆಗೆದುಕೊಳ್ಳಿ. ಒಂದು ದೊಡ್ಡ ಹಿಡಿ ಶೇಂಗಾವನ್ನು ಒಗ್ಗರಣೆಯಲ್ಲೇ ಕೆಂಪಗೆ ಹುರಿಯಿರಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಕರಿಬೇವು, ಅರಿಶಿನ, ಆಮೇಲೆ ಟೊಮೆಟೊ. ಇದೇ ಹೊತ್ತಿಗೆ ಮೊಳಕೆ ಬರಿಸಿದ ಹೆಸರು ಅಥವಾ ಮಡಕಿಕಾಳು ಒಂದು ಬಟ್ಟಲು ಹಾಕಿ ಮೂರ್ನಾಲ್ಕು ನಿಮಿಷ ಮುಚ್ಚಿಡಿ. ಮಂಡಾಳನ್ನು ನೀರಿನಲ್ಲಿ ಅದ್ದಿ ತಕ್ಷಣ ಹಿಂಡಿ ತೆಗೆಯಬೇಕು. ನೆನೆಯಲು ಬಿಟ್ಟರೆ ಮುದ್ದೆಯಾಗುತ್ತದೆ. ಒಗ್ಗರಣೆಗೆ ಸೇರಿಸಿ, ಪುಠಾಣಿ (ಹುರಿಗಡಲೆ) ಪುಡಿ ಮೂರು ಚಮಚ ಉದುರಿಸಿ, ಉರಿ ಆರಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಪುಠಾಣಿ ಪುಡಿ ರುಚಿಗಷ್ಟೇ ಅಲ್ಲ, ಅದರ ತೂಕದಲ್ಲಿ ಐದರಲ್ಲೊಂದು ಪಾಲು ಪ್ರೋಟೀನೇ. ಇಷ್ಟು ಹಾಕಿದ ಸುಸಲಾ ತಲೆಗೆ 15 ಗ್ರಾಂ ಆಸುಪಾಸು ಪ್ರೋಟೀನು ಕೊಡುತ್ತದೆ, ಮಧ್ಯಾಹ್ನದವರೆಗೆ ಹೊಟ್ಟೆಯೂ ತಡೆಯುತ್ತದೆ. ಮಿರ್ಚಿ ಐತವಾರಕ್ಕಿರಲಿ. ದಿನಾ ಖಾರ ಬೇಕೆನ್ನುವವರು ಹಸಿಮೆಣಸಿನಕಾಯಿಯನ್ನು ಹಂಚಿನ ಮೇಲೆ ಉಪ್ಪು ಹಚ್ಚಿ ಸುಟ್ಟುಕೊಳ್ಳಲಿ.

ಅವಲಕ್ಕಿಗೂ ಇದೇ ಮಾತು. ದಪ್ಪ ಅವಲಕ್ಕಿ ಮಂಡಾಳಿಗಿಂತ ತುಸು ಹೆಚ್ಚು ತಡೆಯುತ್ತದೆ.

ಏಪ್ರಿಲ್ ಬಂತಂದ್ರ ಆಫೀಸ್ ಎಂಟಕ್ಕೇ ಶುರು. ಆಗ ಏನು ಮಾಡಬೇಕ್ರಿ?

ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಬಿಸಿಲು 42-43 ಡಿಗ್ರಿ ಮುಟ್ಟುವ ಊರಿಗೆ ಇದು ಬೇಕೇ ಬೇಕು. ಆದರೆ ಏಳೂವರೆಗೆ ಮನೆ ಬಿಡಬೇಕು, ಊಟ ಎರಡರ ಮೇಲೆ. ಆರು ತಾಸು ಖಾಲಿ ಹೊಟ್ಟೆ, ಬಿಸಿಲು, ಬೆವರು. ತಲೆ ಸುತ್ತಿ ಬೀಳುವುದು ಇಂಥ ಹೊತ್ತಿನಲ್ಲೇ.

ಇದಕ್ಕೆ ಅಂಬಲಿ. ತಲೆಗೆ ಎರಡು ದೊಡ್ಡ ಚಮಚ ಜೋಳದ ಹಿಟ್ಟನ್ನು ಮಧ್ಯಾಹ್ನ ಅಥವಾ ಸಂಜೆ ಒಂದು ಲೋಟ ನೀರಿನಲ್ಲಿ ಗಂಟಿಲ್ಲದಂತೆ ಕದಡಿ ಮುಚ್ಚಿಡಿ. ಬೇಸಿಗೆಯಲ್ಲಿ ಐದಾರು ತಾಸಿಗೆ ಹುಳಿ ಬಂದುಬಿಡುತ್ತದೆ. ಚಳಿಗಾಲದಲ್ಲಿ ಒಂದು ಚಮಚ ಮಜ್ಜಿಗೆ ಹಾಕಿಡಬೇಕು. ರಾತ್ರಿ ಮಲಗುವ ಮುಂಚೆ ಇನ್ನೊಂದು ಲೋಟ ನೀರು ಕುದಿಸಿ, ಕದಡಿದ್ದನ್ನು ಹುಯ್ದು ಕೈ ಬಿಡದೆ ತಿರುವುತ್ತ ಏಳೆಂಟು ನಿಮಿಷ ಬೇಯಿಸಿ. ಆರಿದ ಮೇಲೆ ಮಣ್ಣಿನ ಗಡಿಗೆಯಲ್ಲಿ ಅಥವಾ ಫ್ರಿಜ್ಜಿನಲ್ಲಿಡಿ. ಮುಂಜಾನೆ ಮಜ್ಜಿಗೆ, ಉಪ್ಪು, ಜಜ್ಜಿದ ಬೆಳ್ಳುಳ್ಳಿ, ಜೀರಿಗೆ ಪುಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ ಕಡೆದರೆ ಎರಡು ನಿಮಿಷದ ಕೆಲಸ.

ಬರೀ ಅಂಬಲಿ ಕುಡಿದರೆ ಒಂದೂವರೆತನಕ ತಡೆಯುವುದಿಲ್ಲ. ಜೊತೆಗೆ ಒಂದು ಹಿಡಿ ಹುರಿದ ಶೇಂಗಾ, ಇಲ್ಲವೇ ಕುದಿಸಿದ ತತ್ತಿ ಇರಲಿ. ಬಾಟಲಿಯಲ್ಲಿ ಮಜ್ಜಿಗೆ ಒಯ್ದು ಹನ್ನೊಂದಕ್ಕೆ ಕುಡಿಯಿರಿ. ಕುಡಿಯುವುದಕ್ಕಿಂತ ಉಣ್ಣುವುದು ಇಷ್ಟ ಎನ್ನುವವರು ರಾತ್ರಿಯೇ ಜೋಳದ ನುಚ್ಚು ಬೇಯಿಸಿಟ್ಟು ಮುಂಜಾನೆ ಮಜ್ಜಿಗೆ ಕಲಸಿಕೊಂಡು ಉಣ್ಣಲಿ. ಪುಂಡಿ ಪಲ್ಯ ನೆಂಚಿಕೊಂಡರೆ ಮತ್ತೇನು ಬೇಕು?

ಇಡ್ಲಿ ಹಿಟ್ಟು ಬೇಸಿಗೆಯಲ್ಲಿ ಹುಳಿಯಾಗ್ತದ, ಚಳಿಯಲ್ಲಿ ಉಬ್ಬಂಗಿಲ್ಲ.

ಬೇಸಿಗೆಯಲ್ಲಿ ರಾತ್ರಿ ಹತ್ತಕ್ಕೆ ರುಬ್ಬಿ, ಉಪ್ಪು ಹಾಕಿ ಇಡಿ. ಸಂಜೆಯೇ ರುಬ್ಬಿದ್ದರೆ ಉಬ್ಬಿದ ಕೂಡಲೇ ಫ್ರಿಜ್ಜಿಗೆ ಹಾಕಿ. ಚಳಿಯಲ್ಲಿ ಬೆಚ್ಚಗಿನ ನೀರಿನಲ್ಲಿ ರುಬ್ಬಿ, ಪಾತ್ರೆಗೆ ಕಂಬಳಿ ಸುತ್ತಿ. ಬೀದರಿನವರಿಗೆ ಚಳಿಯ ತೊಂದರೆ ನಮಗಿಂತ ಹೆಚ್ಚು, ಅವರದು ಎತ್ತರದ ನೆಲ. ಅಕ್ಕಿಯ ಅರ್ಧ ಪಾಲಿಗೆ ಜೋಳ ಹಾಕಿದರೂ ಇಡ್ಲಿ, ಪಡ್ಡು ಚೆನ್ನಾಗಿ ಬರುತ್ತವೆ. ಜೋಳ ಮಾತ್ರ ಎಂಟು ತಾಸಿಗೆ ಕಡಿಮೆಯಿಲ್ಲದಂತೆ ನೆನೆಯಬೇಕು.

ಉಪ್ಪಿಟ್ಟು ತಿಂದು ತಿಂದು ಬ್ಯಾಸರ ಬಂದದ. ಅದನ್ನ ಸುಧಾರಿಸ್ಲಕ್ಕ ಬರ್ತದೇನು?

ಬರುತ್ತದೆ. ಗೋಧಿ ರವೆಯ ಬದಲು ಜೋಳದ ರವೆ ಮಾಡಿ. ರಾತ್ರಿ ಒಂದು ಬಟ್ಟಲು ರವೆ ನೆನೆಯಲು ಹಾಕಿ, ಮುಂಜಾನೆ ಕುಕ್ಕರಿನಲ್ಲೇ ಒಗ್ಗರಣೆ ಮಾಡಿ ತರಕಾರಿ, ನೆನೆದ ರವೆ, ಮೂರು ಬಟ್ಟಲು ನೀರು ಹಾಕಿ ಮೂರು ಸೀಟಿ ಕೂಗಿಸಿ. ಅದು ಬೇಯುವ ಹೊತ್ತಿಗೆ ನಿಮ್ಮ ಸ್ನಾನ ಮುಗಿಯುತ್ತದೆ. ಮಾಮೂಲಿ ರವೆಯೇ ಬೇಕೆಂದರೆ ಐತವಾರ ಒಂದು ಕಿಲೋ ಹುರಿದು ಡಬ್ಬಿಗೆ ತುಂಬಿಡಿ, ರವೆಯಷ್ಟೇ ಅಳತೆಯ ತರಕಾರಿ ಹಾಕಿ. ಗಜ್ಜರಿ, ಬಟಾಣಿ, ಬೀನ್ಸನ್ನು ರಾತ್ರಿ ಟಿವಿ ನೋಡುತ್ತಲೇ ಹೆಚ್ಚಿಡಬಹುದು.

ತೊಗರಿ ಊರಾಗಿದ್ದೂ ನಾಷ್ಟಾಕ್ಕ ತೊಗರಿ ಯಾಕ ಹಾಕಂಗಿಲ್ಲ ನಾವು?

ನನಗೂ ಇದೇ ಕೊರಗು. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು, ತೊಗರಿಯ ಕಣಜ ಎಂದೇ ನಮ್ಮನ್ನು ಕರೆಯುತ್ತಾರೆ. ಮುಂಜಾನೆಯ ತಟ್ಟೆಯಲ್ಲಿ ಮಾತ್ರ ಅದು ಕಾಣುವುದಿಲ್ಲ. ನೂರು ಗ್ರಾಮಿಗೆ 22 ಗ್ರಾಂ ಹತ್ತಿರ ಪ್ರೋಟೀನು ಇರುವ ಬೇಳೆ ಅದು.

ರಾತ್ರಿ ಸಾರಿಗೆ ಬೇಳೆ ಕುದಿಸುವಾಗ ಒಂದು ಹಿಡಿ ಹೆಚ್ಚು ಹಾಕಿ. ಉಪ್ಪು-ಹುಳಿ ಸೇರಿಸುವ ಮುಂಚೆ ಗಟ್ಟಿ ಬೇಳೆ ಎರಡು ಸೌಟು ತೆಗೆದು ಫ್ರಿಜ್ಜಿನಲ್ಲಿಡಿ. ಹೊರಗಿಟ್ಟರೆ ಬೇಸಿಗೆಯಲ್ಲಿ ಮುಂಜಾನೆಗೆ ಹಳಸಿರುತ್ತದೆ. ಆ ಬೇಳೆಯನ್ನೇ ನೀರಿನ ಬದಲು ಹಾಕಿ ಜೋಳದ ಹಿಟ್ಟು, ತುಸು ಗೋಧಿ ಹಿಟ್ಟು, ಮೆಂತ್ಯಪಲ್ಯ, ಉಳ್ಳಾಗಡ್ಡಿ, ಎಳ್ಳು, ಅಜವಾನ ಕಲಸಿದರೆ ಥಾಲಿಪಟ್ಟಿನ ಹಿಟ್ಟು ಸಿದ್ಧ. ಒದ್ದೆ ಬಟ್ಟೆಯ ಮೇಲೆ ತಟ್ಟಿ ಹಂಚಿಗೆ ಹಾಕುವುದು, ಬಡಿಯುವ ಗೋಜಿಲ್ಲ. ಚಪಾತಿ ಹಿಟ್ಟಿಗೂ ಇದೇ ಬೇಳೆ ಕಲಸಬಹುದು. ಮಧ್ಯಾಹ್ನದ ಡಬ್ಬಿಯವರೆಗೂ ಮೆತ್ತಗಿರುತ್ತದೆ.

ಇನ್ನೊಂದು, ಹುದುಗು ಬೇಡದ ಬೇಳೆ ದ್ವಾಸಿ. ತೊಗರಿ ಬೇಳೆ ಒಂದು ಬಟ್ಟಲು, ಅಕ್ಕಿ ಒಂದು ಬಟ್ಟಲು ರಾತ್ರಿ ನೆನೆಹಾಕಿ. ಮುಂಜಾನೆ ಒಣಮೆಣಸಿನಕಾಯಿ, ಜೀರಿಗೆ, ಬೆಳ್ಳುಳ್ಳಿ ಸೇರಿಸಿ ತರಿತರಿಯಾಗಿ ರುಬ್ಬಿ ನೇರ ಹಂಚಿಗೆ ಹುಯ್ಯಿರಿ.

ಡಿಸೆಂಬರ್-ಜನವರಿಯಲ್ಲಿ ಹಸಿ ತೊಗರಿಕಾಯಿ ಬಂದಾಗ ಉಪ್ಪು ಹಾಕಿ ಕುದಿಸಿಟ್ಟುಕೊಳ್ಳಿ. ಮಕ್ಕಳು ಬಿಡಿಸಿಕೊಂಡು ತಿನ್ನುತ್ತಾರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿ ಪಲ್ಯದಲ್ಲಿ ಎಷ್ಟು ಬಗೆಯ ಹಸಿಕಾಳು, ಸೊಪ್ಪು ಬೀಳುತ್ತದೆ ನೆನಪಿದೆಯಲ್ಲ. ಅದನ್ನು ವರ್ಷಕ್ಕೊಮ್ಮೆ ಮಾಡುವ ಬದಲು ಆ ಸುಗ್ಗಿಯಲ್ಲಿ ವಾರಕ್ಕೊಮ್ಮೆ ಮಾಡಿ, ಮರುದಿನ ಮುಂಜಾನೆಗೂ ಸಜ್ಜೆ ರೊಟ್ಟಿಯ ಜೊತೆ ಆಗುತ್ತದೆ.

ನಮ್ಮಲ್ಲಿ ಖಿಚಡಿ-ಖಟ್ಟಾ ಮಾಡ್ತೀವಿ. ಅದು ಭಾರ ಆಗಂಗಿಲ್ಲೇನು? ಸೆಹರಿಗೂ ನಡೀತದೇನು?

ನಿಜಾಮರ ಕಾಲದಿಂದ ಬೀದರ, ಕಲಬುರಗಿಯ ಮನೆಗಳಲ್ಲಿ ಉಳಿದುಬಂದಿರುವ ಒಳ್ಳೆಯ ನಾಷ್ಟಾ ಅದು. ಅಕ್ಕಿಗೆ ಮಸೂರ ಬೇಳೆ ಸೇರಿದೆ, ಹುಳಿ ಸಾರಿನಂಥ ಖಟ್ಟಾದಲ್ಲಿ ಎಳ್ಳಿದೆ, ಎಳ್ಳಿನಲ್ಲಿ ಸುಣ್ಣದಂಶ ಭರ್ತಿ. ಎರಡು ಪಾಲು ಅಕ್ಕಿಗೆ ಒಂದು ಪಾಲು ಬೇಳೆ ಹಾಕುವವರು ಅರ್ಧಕ್ಕರ್ಧ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಎಣ್ಣೆ ಕಡಿಮೆ ಇರಲಿ. ಖಟ್ಟಾ ರಾತ್ರಿಯೇ ಮಾಡಿಡಬಹುದು, ಕುಕ್ಕರಿನಲ್ಲಿ ಖಿಚಡಿಗೆ ಹದಿನೈದು ನಿಮಿಷ. ರೋಜಾ ಹಿಡಿಯುವವರು ನಸುಕಿನಲ್ಲಿ ಉಣ್ಣುವ ಸೆಹರಿಗೆ ಇದು ಚೆನ್ನಾಗಿ ತಡೆಯುತ್ತದೆ. ಉಪ್ಪು, ಹಪ್ಪಳ, ಉಪ್ಪಿನಕಾಯಿ ಕಡಿಮೆ ಮಾಡಿ, ಮೊಸರು ಸೇರಿಸಿ. ಇಲ್ಲದಿದ್ದರೆ ಹಗಲಿಡೀ ನೀರಡಿಕೆ.

ಹುಡುಗ್ರು ರೊಟ್ಟಿ ಮುಟ್ಟಂಗಿಲ್ಲ. ಸಾಲ್ಯಾಗ ಹಾಲು, ತತ್ತಿ ಕೊಡ್ತಾರಲ್ಲ, ಸಾಕಾಗಲ್ಲೇನ್ರಿ?

ಸಾಲದು. ಕ್ಷೀರಭಾಗ್ಯದ ಹಾಲು 2013ರಿಂದ ಇದೆ, ಒಂದು ಲೋಟ, 150 ಮಿಲಿಲೀಟರ್. ತತ್ತಿಯನ್ನು 2021ರ ಡಿಸೆಂಬರಿನಲ್ಲಿ ಮೊದಲು ಶುರುಮಾಡಿದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ. ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರಗಳಲ್ಲಿ ಮಕ್ಕಳ ಅಪೌಷ್ಟಿಕತೆ ಹೆಚ್ಚು ಎಂಬುದೇ ಅದಕ್ಕೆ ಕಾರಣ. ಆ ಪಟ್ಟಿಯಲ್ಲಿ ನಮ್ಮ ಹೆಸರು ಇರುವುದು ನನಗೆ ನೋವಿನ ಸಂಗತಿ, ಅದಕ್ಕೇ ಮನೆಯ ನಾಷ್ಟಾದ ಬಗ್ಗೆ ಇಷ್ಟು ಒತ್ತಿ ಹೇಳುತ್ತೇನೆ. ತತ್ತಿ ಸಿಗುವುದು ಮಧ್ಯಾಹ್ನದ ಊಟಕ್ಕೆ. ಅಲ್ಲಿಯವರೆಗಿನ ಪಾಠಗಳನ್ನು ಮಗು ಖಾಲಿ ಹೊಟ್ಟೆಯಲ್ಲಿ ಕೇಳಬಾರದು.

ರೊಟ್ಟಿ ಒಲ್ಲೆ ಎನ್ನುವ ಮಗುವಿಗೆ ಅಂಗೈ ಅಗಲದ ಚಿಕ್ಕ ರೊಟ್ಟಿ ಬಡಿದು, ಬಿಸಿ ಇರುವಾಗ ತುಪ್ಪ ಸವರಿ ಬೆಲ್ಲ, ಎಳ್ಳು ಹಾಕಿ ಸುರುಳಿ ಸುತ್ತಿ ಕೊಡಿ. ಅದೇ ರೊಟ್ಟಿಯಲ್ಲಿ ತತ್ತಿಯ ಪಲ್ಯ ಸುತ್ತಿದರೂ ನಡೆಯುತ್ತದೆ. ಹಬ್ಬಕ್ಕೆ ಚಪಾತಿ ಪುಡಿಗೆ ಬೆಲ್ಲ ಕಲಸಿ ಮಾಡುವ ಮಾಲ್ದಿಯನ್ನು ಬೆಲ್ಲ ಕಡಿಮೆ, ಪುಠಾಣಿ ಮತ್ತು ಒಣಕೊಬ್ಬರಿ ಹೆಚ್ಚು ಹಾಕಿ ಮಾಡಿಟ್ಟರೆ ಎರಡು ಮೂರು ದಿನ ಹಾಲಿನ ಜೊತೆ ಕೊಡಬಹುದು. ಮಕ್ಕಳು ದೊಡ್ಡವರ ತಟ್ಟೆ ನೋಡಿ ತಿನ್ನುವುದು ಕಲಿಯುತ್ತಾರೆ. ಅಪ್ಪ ಬಿಸ್ಕೀಟು ತಿನ್ನುತ್ತ ಮಗನಿಗೆ ರೊಟ್ಟಿ ತಿನ್ನು ಎಂದರೆ ಅವನು ಕೇಳುವುದಿಲ್ಲ.

ಮೊಳಕಿ ಕಾಳಿನಂಗ ಜೋಳಾನೂ ಮೊಳಕಿ ಬರಿಸಿ ತಿನ್ನಬಹುದಾ?

ಹಸಿಯಾಗಿ ಖಂಡಿತ ಬೇಡ. ಎಳೆ ಜೋಳದ ಬೆಳೆ ಮೇಯ್ದ ದನ ನೊರೆ ಬಿಟ್ಟು ಸಾಯುವುದನ್ನು ನಮ್ಮ ರೈತರು ಕಂಡಿದ್ದಾರೆ. ಎಳೆಯ ಜೋಳದ ಕುಡಿಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಮೊಳಕೆಯಲ್ಲೂ ಅದು ಏರುತ್ತದೆ. ಬಲಿತ ಕಾಳಿನ ಹಿಟ್ಟಿಗೆ, ರೊಟ್ಟಿಗೆ ಈ ಭಯವಿಲ್ಲ. ಮೊಳಕೆ ಬೇಕೆಂದರೆ ಹೆಸರು, ಮಡಕಿ, ಕಡಲೆ ಸಾಕಷ್ಟಿವೆ. ಬೇಸಿಗೆಯಲ್ಲಿ ಅವನ್ನೂ ಎರಡು ನಿಮಿಷ ಹಬೆಯಲ್ಲಿ ಬೇಯಿಸಿಯೇ ತಿನ್ನಿ.

ಅಪ್ಪಾರಿಗೆ ಸಕ್ರಿ ಅದ. ಜೋಳದ್ದು ಎಷ್ಟು ತಿಂದ್ರೂ ನಡೀತದಂತಾರ, ಖರೇ ಏನು?

ಖರೆ ಅಲ್ಲ. ಜೋಳದಲ್ಲಿ ನಾರು ಹೆಚ್ಚಿರುವುದರಿಂದ ಅನ್ನ, ಮೈದಾಕ್ಕಿಂತ ನಿಧಾನವಾಗಿ ಸಕ್ಕರೆ ಏರುತ್ತದೆ, ಆದರೆ ಏರುತ್ತದೆ. ಎರಡು ರೊಟ್ಟಿ, ತಟ್ಟೆಯ ಅರ್ಧದಷ್ಟು ಪಲ್ಯ, ಮೊಸರು ಅಥವಾ ತತ್ತಿ ಎಂದು ಲೆಕ್ಕ ಇಟ್ಟುಕೊಳ್ಳಿ. ತೆಳು ಅಂಬಲಿ ರೊಟ್ಟಿಗಿಂತ ಬೇಗ ರಕ್ತಕ್ಕೆ ಇಳಿಯುತ್ತದೆ, ಅದನ್ನು ಒಂದೇ ಲೋಟಕ್ಕೆ ನಿಲ್ಲಿಸಿ. ಗುಳಿಗೆ ಅಥವಾ ಇನ್ಸುಲಿನ್ ತೆಗೆದುಕೊಂಡು ನಾಷ್ಟಾ ತಪ್ಪಿಸುವುದು ಅಪಾಯ, ಸಕ್ಕರೆ ಏಕಾಏಕಿ ಇಳಿದು ತಲೆ ತಿರುಗಿ ಬೀಳಬಹುದು. ಗುಳಿಗೆಯ ಅಳತೆ, ಹೊತ್ತು ಬದಲಿಸುವುದಿದ್ದರೆ ಡಾಕ್ಟರನ್ನು ಕೇಳಿಯೇ ಬದಲಿಸಿ.

ಓಟ್ಸ್, ಕಾರ್ನ್‌ಫ್ಲೇಕ್ಸ್ ತರಬೇಕಾ?

ಓಟ್ಸ್ ಕೆಟ್ಟದ್ದಲ್ಲ, ನಾರಿನ ವಿಷಯದಲ್ಲಿ ಜೋಳದಂತೆಯೇ ಒಳ್ಳೆಯದು, ದುಡ್ಡು ಮಾತ್ರ ಹೆಚ್ಚು. ಕಾರ್ನ್‌ಫ್ಲೇಕ್ಸ್ ಬೇಡ.

ನಾವು ರೂಮಿನ್ಯಾಗ ಇರ್ತೀವಿ ಅಕ್ಕಾರ, ಒಲಿ ಇಲ್ಲ. ನಮಗೇನಾದ್ರೂ ಹೇಳ್ರಿ.

ಊರಿನಿಂದ ಬರುವಾಗ ಅವ್ವ ಕಟ್ಟಿಕೊಡುವ ಕಡಕ್ ರೊಟ್ಟಿ, ಹಿಂಡಿ ನಾಚಿಕೆಯಿಲ್ಲದೆ ತನ್ನಿ. ಹತ್ತಿರದ ಅಂಗಡಿಯಿಂದ ಮೊಸರು, ಗಾಡಿಯಿಂದ ಬಾಳೆಹಣ್ಣು. ರಾತ್ರಿ ಒಂದು ಹಿಡಿ ಶೇಂಗಾ ಅಥವಾ ಕಡಲೆ ನೆನೆಹಾಕಿ ಮುಂಜಾನೆ ಉಳ್ಳಾಗಡ್ಡಿ, ನಿಂಬೆಹಣ್ಣಿನ ಜೊತೆ ತಿನ್ನಿ. ತೆಳು ಅವಲಕ್ಕಿಗೆ ಮೊಸರು, ಹಿಂಡಿ, ಪುಠಾಣಿ ಕಲಸಿದರೆ ಒಲೆಯಿಲ್ಲದೆ ಒಂದು ತಟ್ಟೆ ನಾಷ್ಟಾ ಆಗುತ್ತದೆ. ಕೈಯಲ್ಲಿ ದುಡ್ಡು ತೀರಿದ ದಿನ ಇಂದಿರಾ ಕ್ಯಾಂಟೀನ್ ಇದೆ. ಬಿಸಿ ಇಡ್ಲಿಯೋ ಉಪ್ಪಿಟ್ಟೋ ತಿಂದು ಕ್ಲಾಸಿಗೆ ಹೋಗಿ, ಉಪವಾಸ ಮಾತ್ರ ಹೋಗಬೇಡಿ. ಹೋಟೆಲಿನಲ್ಲಾದರೆ ಪೂರಿ, ವಡಿಗಿಂತ ಇಡ್ಲಿ-ಸಾಂಬಾರ್ ಕೇಳಿ, ಸಾಂಬಾರ್ ಎರಡನೇ ಸಲವೂ ಹಾಕಿಸಿಕೊಳ್ಳಿ, ಅದರಲ್ಲಿರುವುದು ನಮ್ಮ ತೊಗರಿಯೇ. ಕಪ್ಪಾದ ಎಣ್ಣೆಯಲ್ಲಿ ಕರಿಯುವ ಗಾಡಿ ಕಂಡರೆ ಮುಂದೆ ನಡೆಯಿರಿ.

ಇಷ್ಟೆಲ್ಲಾ ನಾನೊಬ್ಬಾಕಿನೇ ಹ್ಯಾಂಗ ಮಾಡ್ಲಿ?

ಒಬ್ಬಳೇ ಮಾಡಬೇಡಮ್ಮ. ಮಂಡಾಳು ಹಿಂಡುವುದು, ಶೇಂಗಾ ಸಿಪ್ಪೆ ಉಜ್ಜುವುದು, ತರಕಾರಿ ಹೆಚ್ಚುವುದು, ಅಂಬಲಿ ಕಡೆಯುವುದು, ಇದರಲ್ಲಿ ಯಾವುದಕ್ಕೂ ಕಲಿಕೆ ಬೇಕಾಗಿಲ್ಲ. ಗಂಡನಿಗೂ ಬರುತ್ತದೆ, ಹತ್ತು ವರ್ಷದ ಮಗನಿಗೂ ಬರುತ್ತದೆ. ಮನೆಮಂದಿಗೆಲ್ಲ ಬಡಿಸಿ ತಾನು ತಣ್ಣನೆಯ ಚಹಾ ಕುಡಿದು ಬಸ್ಸು ಹತ್ತುವ ಹೆಣ್ಣುಮಕ್ಕಳನ್ನು ದಿನಾ ನೋಡುತ್ತೇನೆ, ರಕ್ತ ಕಡಿಮೆ ಎಂದು ದವಾಖಾನೆಯಲ್ಲಿ ಸಾಲು ನಿಲ್ಲುವವರೂ ಅವರೇ. ನಿನ್ನ ಎರಡು ರೊಟ್ಟಿ ಮೊದಲು ನಿನ್ನ ತಟ್ಟೆಗೆ ಹಾಕಿಕೋ.

ಬಿಪಿ ಇದ್ದವರು ಹಿಂಡಿ ತಿನ್ನಬಹುದಾ?

ತಿನ್ನಬಹುದು, ಉಪ್ಪು ನೋಡಿಕೊಂಡು. ದಿನಕ್ಕೆ ಎಲ್ಲ ಸೇರಿ ಉಪ್ಪು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ ದಾಟಬಾರದು. ಹಿಂಡಿ ಕುಟ್ಟುವಾಗ ಉಪ್ಪು ಹಾಕುವ ಮುಂಚೆ ಅವರ ಪಾಲನ್ನು ಬೇರೆ ಡಬ್ಬಿಗೆ ತೆಗೆದಿಡಿ. ಅದಕ್ಕೆ ಬೆಳ್ಳುಳ್ಳಿ, ಜೀರಿಗೆ ತುಸು ಜಾಸ್ತಿ ಹಾಕಿ, ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಲಿ. ಡಬ್ಬಿಯ ಮೇಲೆ ಹೆಸರು ಬರೆದಿಡಿ, ಇಲ್ಲದಿದ್ದರೆ ಅದೇ ಮೊದಲು ಖಾಲಿಯಾಗುತ್ತದೆ.